ಉಳ್ಳಾಗಡ್ಡಿ ಜೋಕು
ಸೋವಿಯತ್ ಒಕ್ಕೂಟದಿಂದ ಅಮೆರಿಕಕ್ಕೆ ಹೋಗಿ, ಅಲ್ಲಿನ ಬದುಕಿನ ಬಗ್ಗೆ ಇಂಗ್ಲಿಷಿನಲ್ಲಿ ಜೋಕು ಹೇಳಿ ಹೆಸರಾದ ಹಾಸ್ಯಗಾರ ಯಾಕೋವ್ ಸ್ಮಿರ್ನಾಫ್ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ 'ಹರಕು ಇಂಗ್ಲಿಷೇ ಅವನ ಬಂಡವಾಳ' ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ. ಅಷ್ಟು ಸುಲಭ ಅಲ್ಲ ಅದು.

ನಾನು ಗದಗಿನವನು. ಈಗ ಹುಬ್ಬಳ್ಳಿಯಲ್ಲಿದ್ದೇನೆ, ನಡುವೆ ಆರು ವರ್ಷ ಬೆಂಗಳೂರು. ಹೋದ ಮೊದಲ ವಾರ ಕಿರಾಣಿ ಅಂಗಡಿಯಲ್ಲಿ "ಉಳ್ಳಾಗಡ್ಡಿ ಹೆಂಗ್ರೀ ಕೇಜಿ?" ಅಂದೆ. ಅಂಗಡಿಯವನು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು, "ಯಾವ ಗೆಡ್ಡೆ ಸಾರ್?" ಅಂದ. ಹಿಂದೆ ನಿಂತವರು ನಕ್ಕರು. ಈರುಳ್ಳಿಯತ್ತ ಬೆರಳು ತೋರಿಸಿ ಸುಮ್ನೆ ಬಂದೆ. ಆಮೇಲೆ ಆಫೀಸಿನ ವಾರ್ಷಿಕೋತ್ಸವದಲ್ಲಿ ಅದನ್ನೇ ಹೇಳಿದೆ. ಅದೇ ನಗು, ಆದರೆ ಈ ಸಲ ಅದು ಯಾವಾಗ ಬರಬೇಕು ಅನ್ನೋದು ನನ್ನ ಕೈಲಿತ್ತು.

ಸ್ಮಿರ್ನಾಫ್ ಮಾಡಿದ್ದೂ ಅದೇ ಅಲ್ವಾ? ಒಡೆಸ್ಸಾದಲ್ಲಿ ಹುಟ್ಟಿ 1977ರಲ್ಲಿ ಅಮೆರಿಕಕ್ಕೆ ಹೋದವನು. ಬಾರಿನಲ್ಲಿ ಕೆಲಸ ಮಾಡಿದ, ಅಲ್ಲಿನವರ ಬಾಯಿಗೆ ಸಿಗಲಿ ಅಂತ ಸ್ಮಿರ್ನಾಫ್ ಅನ್ನೋ ವೋಡ್ಕಾದ ಹೆಸರನ್ನೇ ಇಟ್ಟುಕೊಂಡ. (ನಮ್ಮಲ್ಲಿ ಯಾರಾದರೂ 'ಪೇಢಾ' ಅಂತ ಇಟ್ಟುಕೊಂಡ ಹಾಗೆ!)

ನನಗೆ ಜಾಸ್ತಿ ಕಾಡಿದ್ದು 1991. ಸೋವಿಯತ್ ಒಕ್ಕೂಟವೇ ಹೋಯಿತು. ಅದರ ಜೊತೆ ಅವನ ಜೋಕುಗಳ ಅರ್ಧ ಸರಕೂ ಹೋಯಿತು. ಆದರೂ ಮಿಸ್ಸೂರಿಯ ಬ್ರಾನ್ಸನ್ ಅನ್ನೋ ಸಣ್ಣ ಊರಲ್ಲಿ ಥಿಯೇಟರ್ ಮಾಡಿಕೊಂಡು ವರ್ಷಗಟ್ಟಲೆ ಜನರನ್ನು ನಗಿಸಿದ. ಅಲ್ಲಿ ಏನು ಹೇಳಿ ನಗಿಸುತ್ತಿದ್ದ? ಲೇಖನದಲ್ಲಿ ಆ ಭಾಗಕ್ಕೆ ಎರಡೇ ಸಾಲು ಇದೆ. ಮುಂದಿನ ಕಂತು ಬರೀರಿ, ಓದ್ತೀವಿ.