ಏಳನೇ ಗೋಣಿ

ಕಾಸರಗೋಡಿಗೆ ಸಪ್ತಭಾಷಾ ಸಂಗಮಭೂಮಿ ಎಂಬ ಬಿರುದು ಉಂಟು. ಪ್ಲಾಸ್ಟಿಕ್ಕಿನಲ್ಲೂ ಏಳೇ ಜಾತಿ. ಬಾಟಲಿಯ ತಳ ಮಗುಚಿದರೆ ಬಾಣಗಳ ತ್ರಿಕೋನದೊಳಗೆ ಒಂದು ಅಂಕಿ ಕಾಣುತ್ತದೆ: 1 ಪೆಟ್, 2 ಎಚ್‌ಡಿಪಿಇ, 3 ಪಿವಿಸಿ, 4 ಎಲ್‌ಡಿಪಿಇ, 5 ಪಾಲಿಪ್ರೊಪಿಲೀನ್, 6 ಪಾಲಿಸ್ಟೈರೀನ್, 7 'ಇತರೆ'. 1988ರಲ್ಲಿ ಅಮೆರಿಕದಲ್ಲಿ ಈ ಅಂಕಿಗಳನ್ನು ಹಚ್ಚಿದವರು ನಮ್ಮ ಜಿಲ್ಲೆಯ ಅರ್ಜಿ ನಮೂನೆ ನೋಡಿರಲಿಕ್ಕಿಲ್ಲ. ಆದರೂ ಗಡಿನಾಡ ಕನ್ನಡಿಗ ಟಿಕ್ ಹಾಕುವ ಕಲಂ ಯಾವುದೆಂದು ಸರಿಯಾಗಿಯೇ ಊಹಿಸಿದ್ದಾರೆ.

ಈಗ ಒಂದು ಪಂಚಾಯತು ಎಂದು ಇಟ್ಟುಕೊಳ್ಳಿ. ಹೆಸರು ಬೇಡ, ಅಡಿಕೆ ತೋಟ ಇರುವ ಯಾವುದಾದರೂ ಆದೀತು. ಅಲ್ಲಿನ ಎಂಸಿಎಫ್, ಅಂದರೆ ಒಣಕಸ ಸಂಗ್ರಹಿಸಿಡುವ ಕೇಂದ್ರ, ತಗಡಿನ ಮಾಡಿನ ಒಂದು ಶೆಡ್ಡು. ಮಾಡು ಸೋರುತ್ತದೆ, ಫ್ಯಾನಿಲ್ಲ, ತೂಕದ ಯಂತ್ರ ದುರಸ್ತಿಗೆ ಹೋದದ್ದು ಬಂದಿಲ್ಲ. ಕಸ ಒಯ್ಯುವ ಹರಿತ ಕರ್ಮಸೇನೆಯ ಅಕ್ಕಂದಿರು ಮನೆಮನೆಯಿಂದ ಐವತ್ತು ರೂಪಾಯಿ ಶುಲ್ಕವನ್ನೂ ಬೈಗುಳವನ್ನೂ ಪ್ಲಾಸ್ಟಿಕ್ ತೊಟ್ಟೆಗಳನ್ನೂ ಸಂಗ್ರಹಿಸಿ ತಂದು ಅಲ್ಲಿ ಸುರಿಯುತ್ತಾರೆ. ಅಂಥಲ್ಲಿಗೆ ಕೆಲವು ಲಕ್ಷ ರೂಪಾಯಿಯ ಕೈ ಸ್ಕ್ಯಾನರ್ ಬರುತ್ತದೆ. ಪ್ಲಾಸ್ಟಿಕ್ಕಿಗೆ ಹಿಡಿದರೆ ಅದರ ಜಾತಿ ಹೇಳುತ್ತದೆ, ಬಟ್ಟೆಗೆ ಹಿಡಿದರೆ ನೂಲು ಹೇಳುತ್ತದೆ. ದೀಪ ಬೆಳಗಿ ಉದ್ಘಾಟನೆ. ತರಬೇತಿ ಮಲಯಾಳದಲ್ಲಿ, ಕೈಪಿಡಿ ಇಂಗ್ಲಿಷಿನಲ್ಲಿ, ಕಲಿಯುವವರ ಗೊಣಗಾಟ ತುಳುವಿನಲ್ಲಿ.

ಯಂತ್ರದ ವಿದ್ಯೆ ಸುಳ್ಳಲ್ಲ. ಒಳಗೊಂದು ಪುಟ್ಟ ಹ್ಯಾಲೊಜನ್ ದೀಪ. ಅದರ ಬೆಳಕಿನಲ್ಲಿ ಕಣ್ಣಿಗೆ ಕಾಣದ ಭಾಗ, ಸುಮಾರು 900ರಿಂದ 1700 ನ್ಯಾನೊಮೀಟರಿನ ಸಮೀಪ ಅವಕೆಂಪು (ನಿಯರ್ ಇನ್‌ಫ್ರಾರೆಡ್), ವಸ್ತುವಿಗೆ ತಾಗಿ ಹಿಂದೆ ಬರುತ್ತದೆ. ಯಾವ ಪ್ಲಾಸ್ಟಿಕ್ ಯಾವ ತರಂಗವನ್ನು ನುಂಗಿಕೊಂಡಿತು ಎಂಬ ಲೆಕ್ಕವೇ ಅದರ ಜಾತಕ. ಯಂತ್ರ ಆ ಜಾತಕವನ್ನು ತನ್ನ ಲೈಬ್ರರಿಯಲ್ಲಿರುವ ಜಾತಕಗಳೊಂದಿಗೆ ಕೂಡಿಸಿ ನೋಡುತ್ತದೆ. ಒಂದೆರಡು ಸೆಕೆಂಡಿನ ಕೆಲಸ. ಬಿಳಿ, ಒಣಗಿದ, ದಪ್ಪದ, ಲೇಬಲ್ ಕಿತ್ತ ಡಬ್ಬಿ ಕೊಟ್ಟರೆ ತಪ್ಪುವುದು ಅಪರೂಪ.

ತೊಂದರೆ ಇಷ್ಟೆ: ನಮ್ಮಲ್ಲಿ ಪ್ಲಾಸ್ಟಿಕ್ ಎಂದರೆ ಕಪ್ಪು, ಒದ್ದೆ, ತೆಳು.

ಕಪ್ಪಿನ ವಿಷಯ ಮೊದಲು. ಅಡಿಕೆ ಸಸಿಯ ತೊಟ್ಟೆ ಕಪ್ಪು. ಹನಿ ನೀರಾವರಿಯ ಪೈಪು ಕಪ್ಪು. ಹೊಳೆಯಿಂದ ನೀರೆಳೆಯುವ ಎಚ್‌ಡಿಪಿಇ ಪೈಪೂ ಕಪ್ಪು. ಬಿಸಿಲಿಗೆ ಹುಡಿಯಾಗದಿರಲೆಂದು ಪೈಪಿಗೆ ಶೇಕಡಾ ಎರಡು, ಎರಡೂವರೆಯಷ್ಟು ಕಾರ್ಬನ್ ಬ್ಲ್ಯಾಕ್, ಅಂದರೆ ಶುದ್ಧ ಮಸಿ, ಬೆರೆಸುತ್ತಾರೆ. ಆ ಮಸಿ ಸಮೀಪ ಅವಕೆಂಪನ್ನು ಪೂರ್ತಿ ನುಂಗುತ್ತದೆ. ಹಿಂದೆ ಬರಲಿಕ್ಕೆ ಬೆಳಕೇ ಇಲ್ಲ, ಯಂತ್ರ ಓದುವುದು ಎಂತದ್ದನ್ನು? ಪರದೆಯ ಮೇಲೆ 'ಗುರುತಿಸಲಾಗಿಲ್ಲ'. ತೋಟದ ಪ್ಲಾಸ್ಟಿಕ್ಕಿನಲ್ಲಿ ಹೆಚ್ಚಿನ ಪಾಲು ಈ ಮೌನವ್ರತಕ್ಕೇ ಸೇರಿದ್ದು. ಇನ್ನೂ ಉದ್ದದ ತರಂಗ ಬಳಸುವ ಮಧ್ಯ ಅವಕೆಂಪಿನ ಯಂತ್ರ ಕಪ್ಪನ್ನೂ ಓದುತ್ತದೆ. ಆದರೆ ಅದರ ದರಪಟ್ಟಿ ತಂದರೆ ಪಂಚಾಯತು ಸಭೆಯೇ ಮೌನವ್ರತ ಹಿಡಿದೀತು.

ಇನ್ನು ಒದ್ದೆ. ನೀರು 1450 ನ್ಯಾನೊಮೀಟರಿನ ಆಸುಪಾಸಿನಲ್ಲಿ ಜೋರಾಗಿ ಬೆಳಕು ಹೀರುತ್ತದೆ. ಮೇಲೊಂದು ಪದರ ನೀರಿದ್ದರೆ ಪ್ಲಾಸ್ಟಿಕ್ಕಿನ ಮಾತಿನ ಮೇಲೆ ನೀರಿನ ಮಾತು. ಜೂನಿನಿಂದ ಸೆಪ್ಟೆಂಬರ್ ವರೆಗೆ ಮಂಜೇಶ್ವರದಲ್ಲಿ ಒಣಗಿದ ಹಾಲಿನ ತೊಟ್ಟೆ ಹುಡುಕಿ ತಂದವರಿಗೆ ಬಹುಮಾನ ಇಡಬಹುದು. ತೆಳು ತೊಟ್ಟೆಯೊಳಗಿಂದ ಬೆಳಕು ಆಚೆಗೇ ದಾಟಿಹೋಗುತ್ತದೆ, ಅಡಿಯಲ್ಲಿದ್ದ ಮೇಜನ್ನೇ ಯಂತ್ರ ಓದಿ ಹೇಳುತ್ತದೆ. ಆದ್ದರಿಂದ ತೊಟ್ಟೆಯನ್ನು ಎಂಟು ಪದರ ಮಡಚಿ, ಬಿಳಿ ಹಿಂಬದಿ ಇಟ್ಟು, ಯಂತ್ರದ ಮೂತಿಯನ್ನು ಸಂದಿಲ್ಲದಂತೆ ಒತ್ತಬೇಕು. ಅದಕ್ಕೂ ಮೊದಲು ದೀಪ ಕೆಲವು ನಿಮಿಷ ಉರಿದು ಬಿಸಿಯಾಗಬೇಕು, ಬಿಳಿ ಬಿಲ್ಲೆಗೆ ಹಿಡಿದು ಹೊಂದಿಸಿಕೊಳ್ಳಬೇಕು. ಆ ಬಿಲ್ಲೆಗೆ ಕೈಯ ಕೊಳೆ ತಾಗಿತೋ, ದಿನದ ಲೆಕ್ಕವೆಲ್ಲ ಅಡ್ಡದಾರಿ. ಒಂದು ತೊಟ್ಟೆಗೆ ಇಷ್ಟು ಉಪಚಾರ. ಮದುಮಗಳನ್ನೂ ಇಷ್ಟು ಒರೆಸಿ ಮಡಚಿ ನೋಡುವುದಿಲ್ಲ.

ಚಿಪ್ಸ್ ಪ್ಯಾಕೆಟ್ಟಿನದ್ದು ಇನ್ನೊಂದು ಕಪಟ. ಮೇಲೊಂದು, ಒಳಗೊಂದು, ನಡುವೆ ಅಲ್ಯೂಮಿನಿಯಂ ಲೇಪ. ಯಂತ್ರ ಹೊರಗಿನ ಪದರ ನೋಡಿ 'ಪಾಲಿಪ್ರೊಪಿಲೀನ್' ಎಂದು ಸರ್ಟಿಫಿಕೇಟು ಕೊಡುತ್ತದೆ. ಬಾಟಲಿಯ ಮೈಗೆ ಬಿಗಿದ ತೊಗಲಿನಂಥ ಲೇಬಲ್ ಪಿವಿಸಿಯದ್ದಾದರೆ ಇಡೀ ಬಾಟಲಿ ಪಿವಿಸಿ. ಇದು ಬರೀ ತಮಾಷೆಯಲ್ಲ. ಪೆಟ್ ಕರಗಿಸುವುದು 260 ಡಿಗ್ರಿಯ ಹತ್ತಿರ. ಅದರೊಳಗೆ ಚೂರೇ ಚೂರು ಪಿವಿಸಿ ಸೇರಿದರೂ ಆಮ್ಲ ಬಿಟ್ಟು ಇಡೀ ಪಾಕವನ್ನು ಹಳದಿಯಾಗಿಸುತ್ತದೆ. ಹಾಗಾಗಿ ಲೇಬಲ್ ಬಿಟ್ಟು ಕುತ್ತಿಗೆಗೆ ಹಿಡಿಯಬೇಕು. ಕೈಪಿಡಿಯಲ್ಲಿ ಇದು ಉಂಟು, ಇಂಗ್ಲಿಷಿನಲ್ಲಿ.

ಬಟ್ಟೆಯ ವಿಭಾಗದಲ್ಲಿ ಯಂತ್ರಕ್ಕೆ ಭಾಷಾ ಸಮಸ್ಯೆಯೂ ಸೇರುತ್ತದೆ. ಕಾಸರಗೋಡು ಸೀರೆಗೆ ಹಿಡಿದರೆ 'ಹತ್ತಿ' ಎನ್ನುತ್ತದೆ, ಶಾಭಾಸ್. ವಿಸ್ಕೋಸಿಗೆ ಹಿಡಿದರೂ, ಲೈಬ್ರರಿ ಬಡವಾಗಿದ್ದರೆ, ಹತ್ತಿಯೇ. ಎರಡೂ ಸೆಲ್ಯುಲೋಸ್ ವಂಶ. ಅಡಿಕೆ ಹಾಳೆಯ ತಟ್ಟೆಗೆ ಹಿಡಿದರೂ ಹತ್ತಿ ಎಂದೀತು, ಯಾಕೆಂದರೆ ಹಾಳೆ ಎಂಬುದು ಲೈಬ್ರರಿಯಲ್ಲೇ ಇಲ್ಲ. ಕನಿಷ್ಠ ಹೊಂದಿಕೆಯ ಮಿತಿ ಹಾಕಿಡದ ಯಂತ್ರ 'ಗೊತ್ತಿಲ್ಲ' ಎನ್ನುವುದಿಲ್ಲ, ಹತ್ತಿರದ ಹೆಸರು ಹೇಳಿ ಮುಗಿಸುತ್ತದೆ. ಸರ್ಕಾರಿ ಕಚೇರಿಯಲ್ಲಿ ಕಲಿತ ಬುದ್ಧಿ. ಲೆಗ್ಗಿಂಗ್ಸಿನ ಶೇಕಡಾ ಎರಡು ಮೂರು ಎಲಾಸ್ಟೇನ್ ಅದರ ಕಣ್ಣು ತಪ್ಪಿಸಿ ದಾಟುತ್ತದೆ, ಹಿಗ್ಗಿಸಿ ನೋಡಿದ ಯಾವ ಅಕ್ಕನ ಕೈಗೂ ಅದು ತಪ್ಪುವುದಿಲ್ಲ. ಕಸವು ಸೀರೆಯಂತೂ ಗಡಿ ವಿವಾದ. ಮಲಯಾಳದಲ್ಲಿ ಕಸವು ಎಂದರೆ ಜರಿಯಂಚು, ಕನ್ನಡದಲ್ಲಿ ಕಸವು ಕಸವೇ. ಮೈಗೆ ಹಿಡಿದರೆ ಒಂದು ಉತ್ತರ, ಅಂಚಿಗೆ ಹಿಡಿದರೆ ಇನ್ನೊಂದು.

ಈ ನಡುವೆ ಶೆಡ್ಡಿನ ಮೂಲೆಯಲ್ಲಿ ಎರಡು ಬಕೆಟ್ ಇವೆ ಎಂದುಕೊಳ್ಳಿ. ಒಂದರಲ್ಲಿ ಬರೀ ನೀರು. ಕತ್ತರಿಸಿದ ಚೂರು ಹಾಕಿ, ಗಾಳಿಗುಳ್ಳೆ ಉಜ್ಜಿ ಬಿಟ್ಟರೆ ಪಾಲಿಥೀನ್ (ಅಂಕಿ 2, 4), ಪಾಲಿಪ್ರೊಪಿಲೀನ್ ತೇಲುತ್ತವೆ; ಪೆಟ್, ಪಿವಿಸಿ, ಪಾಲಿಸ್ಟೈರೀನ್ ಮುಳುಗುತ್ತವೆ. ಇನ್ನೊಂದು ಬಕೆಟ್ಟಿನಲ್ಲಿ ನಾಲ್ಕೂವರೆ ಲೀಟರಿಗೆ ಅರ್ಧ ಕಿಲೋ ಉಪ್ಪು. ಮುಳುಗಿದ್ದನ್ನು ಅದಕ್ಕೆ ಹಾಕಿದರೆ ಪಾಲಿಸ್ಟೈರೀನ್ ಎದ್ದು ಬರುತ್ತದೆ. ಉಳಿದ ಬಾಟಲಿಗಳ ತಳ ನೋಡಿ: ನಡುವೆ ಚುಕ್ಕೆಯಿದ್ದರೆ ಪೆಟ್, ಅಡ್ಡಗೆರೆಯಿದ್ದರೆ ಪಿವಿಸಿ. ಮಡಚಿದಲ್ಲಿ ಬೆಳ್ಳಗೆ ಗೆರೆ ಬಿದ್ದರಂತೂ ಪಿವಿಸಿಯೇ. ಬಕೆಟ್ ಕಪ್ಪು ಬಿಳುಪು ನೋಡುವುದಿಲ್ಲ, ಒದ್ದೆಗೆ ಹೆದರುವುದಿಲ್ಲ. ಸೀಮೆಸುಣ್ಣ ಬೆರೆಸಿದ ಪಾಲಿಪ್ರೊಪಿಲೀನ್ ಕುರ್ಚಿ ಮುಳುಗಿ ಮೋಸ ಮಾಡುವುದುಂಟು, ಥರ್ಮೊಕೋಲ್ ತೇಲಿ ಮೋಸ ಮಾಡುವುದುಂಟು. ಅವೆರಡನ್ನು ನೋಡಿಯೇ ಗುರುತಿಸಬಹುದು. ಆದರೆ ಬಕೆಟ್ಟಿಗೆ ರಿಬ್ಬನ್ ಕಟ್ಟಿ ಉದ್ಘಾಟಿಸಲಿಕ್ಕೆ ಆಗುವುದಿಲ್ಲವಲ್ಲ, ಮಾರಾಯ್ರೆ.

"ಅಕ್ಕಾ, ಸ್ಕ್ಯಾನ್ ಮಾಡಿದಿರಾ?" ಎಂದು ತಪಾಸಣೆಗೆ ಬಂದವರು ಕೇಳುತ್ತಾರೆ.

"ಮಾಡಿದೆವು ಸರ್. ಇದು ನಾಲ್ಕು, ಇದು ಐದು, ಇದು ಒಂದು."

"ಭೇಷ್. ಆಮೇಲೆ?"

"ಆಮೇಲೆ ಎಂತ ಸರ್, ಬಾಟಲಿ ಮಾತ್ರ ಗುಜರಿಯವರು ಕೊಳ್ಳುತ್ತಾರೆ. ಉಳಿದದ್ದಕ್ಕೆ ಒಂದೇ ಲಾರಿ. ಎಲ್ಲ ಒಟ್ಟಿಗೆ ತುಂಬಿದೆವು."

ಆ ಲಾರಿ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಹೋದರೆ ಅಲ್ಲಿ ಅಂಕಿ ಕೇಳುವವರಿಲ್ಲ, ಪಿವಿಸಿ ಇಲ್ಲವಾದರೆ ಸಾಕು. ರಸ್ತೆಯ ಡಾಮರಿಗೆ ಬೆರೆಸುವವರೂ ಪಿವಿಸಿ ಬೇಡ ಎನ್ನುತ್ತಾರೆ. ತಳದ ಅಡ್ಡಗೆರೆ ನೋಡಿ ಅಕ್ಕಂದಿರು ಬೇರೆ ತೆಗೆದಿಟ್ಟದ್ದೂ ಅದನ್ನೇ.

ವರದಿಗೆ ಅಂಕಿಅಂಶ ಬೇಕಲ್ಲ. ಮಳೆಗಾಲದ ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಬಿಳಿ ಡಬ್ಬಿ ಸಿಗದೆ, ಒಬ್ಬಾಕೆ ಯಂತ್ರ ಬಂದ ಪೆಟ್ಟಿಗೆಗೇ ಯಂತ್ರ ಹಿಡಿಯುತ್ತಾಳೆ. ಗಟ್ಟಿ ಪೆಟ್ಟಿಗೆ, ಒಳಗೆ ಮೆತ್ತಗಿನ ಹಾಸು, ಎರಡೂ ಅಪ್ಪಟ ಕಪ್ಪು. 'ಗುರುತಿಸಲಾಗಿಲ್ಲ.' ಆಕೆ ಪೆಟ್ಟಿಗೆ ಮುಚ್ಚಿ, ನಿಯಮದ ಪ್ರಕಾರ ಏಳನೇ ಗೋಣಿಯ ಪಕ್ಕ ಇಡುತ್ತಾಳೆ.