ಕುಕ್ಕರ್ ಹೋಯಿತು, ಕೊಡೆ ಬಂತು

ನಿರ್ವಾಣ ಬ್ಯಾಂಡಿನ ಮೊದಲ ಆಲ್ಬಮ್ ‘ನೆವರ್‌ಮೈಂಡ್’ ಅಲ್ಲ. ಅಲ್ಲ. ಅಲ್ಲ.

ನಿನ್ನೆ ರಾತ್ರಿಯಿಂದ ಇದನ್ನು ಗೋಡೆಗೆ ಹೇಳುತ್ತಿದ್ದೇನೆ. ಹೆಂಡತಿ ಬಾಗಿಲು ಹಾಕಿಕೊಂಡು ಮಲಗಿದಳು. ಹಾಗಾಗಿ ನಿಮಗೆ ಹೇಳುತ್ತಿದ್ದೇನೆ. ಕರೆಂಟ್ ಹೋಗಿ ಎರಡು ದಿನ ಆಯಿತು, ಫೋನಿನಲ್ಲಿ 31 ಪರ್ಸೆಂಟ್ ಇದೆ. ಅಷ್ಟರಲ್ಲಿ ಮುಗಿಸುತ್ತೇನೆ.

ಮಡಿಕೇರಿಯಲ್ಲಿ ನಿನ್ನೆ ಒಂದು ಮ್ಯೂಸಿಕ್ ಕ್ವಿಜ್ ಇತ್ತು. ಯಾರು ಮಾಡಿದ್ದು, ಎಲ್ಲಿ ಅಂತ ಹೇಳುವುದಿಲ್ಲ, ನಾಳೆ ಅದೇ ಜನರ ಮುಖ ನೋಡಬೇಕು. ವಿಷಯ: ಗಾಯಕರ, ಬ್ಯಾಂಡುಗಳ ಮೊದಲ ಸ್ಟುಡಿಯೋ ಆಲ್ಬಮ್‌ಗಳು, ಅರವತ್ತರ ದಶಕದಿಂದ ಇವತ್ತಿನವರೆಗೆ. ವಾಟ್ಸಾಪಿನಲ್ಲಿ ಪೋಸ್ಟರ್ ನೋಡಿದ ಕೂಡಲೇ ನನ್ನ ಎದೆ ಎರಡು ಇಂಚು ಉಬ್ಬಿತು. ನಮ್ಮ ಮನೆಯ ಬೀರು ನೋಡಿದವರಿಗೆ ಯಾಕೆ ಅಂತ ಗೊತ್ತು. ಮಳೆಗಾಲದಲ್ಲಿ ಬೇರೆ ಮನೆಗಳಲ್ಲಿ ರೇಷ್ಮೆ ಸೀರೆಗೆ ಬೂಷ್ಟು ಹಿಡಿಯದಿರಲಿ ಅಂತ ಬೀರುವಿನೊಳಗೆ ಬಲ್ಬ್ ಉರಿಸುತ್ತಾರೆ. ನಮ್ಮ ಮನೆಯಲ್ಲಿ ಆ ಬಲ್ಬ್ ಉರಿಯುವುದು ಕ್ಯಾಸೆಟ್ಟುಗಳಿಗೆ. ಸೀರೆಗಳ ಕಥೆ ಕೇಳಬೇಡಿ.

ಟೀಮಿನಲ್ಲಿ ನಾನು, ಭಾವ, ಅಣ್ಣನ ಮಗಳು. ಭಾವನಿಗೆ ವಾಲಗ ಬಿಟ್ಟರೆ ರಾಜ್‌ಕುಮಾರ್, ರಾಜ್‌ಕುಮಾರ್ ಬಿಟ್ಟರೆ ವಾಲಗ. ಮೂರು ಜನ ಬೇಕಿತ್ತು, ಕರೆದುಕೊಂಡು ಹೋದೆವು. ಮೊದಲ ಬಹುಮಾನ ಐದು ಲೀಟರಿನ ಕುಕ್ಕರ್. ಎರಡನೆಯದು ಕೊಡೆ.

ಪರದೆಯ ಮೇಲೆ ನಿರ್ವಾಣದ ಮೂವರ ಫೋಟೋ ಬಂತು. ಮೊದಲ ಆಲ್ಬಮ್ ಯಾವುದು? ನಾನು ಕೈ ಎತ್ತಿ ‘ಬ್ಲೀಚ್’ ಅಂದೆ. ಕ್ವಿಜ್ ಮಾಸ್ಟರ್ ಮುಖದಲ್ಲಿ ಒಂದು ಕನಿಕರ ಬಂತು ನೋಡಿ. “ಸಾರಿ ಸರ್, ಪಾಸ್.” ಪಕ್ಕದ ಟೇಬಲಿನ ಕಾಲೇಜು ಹುಡುಗರು ‘ನೆವರ್‌ಮೈಂಡ್’ ಅಂದರು. ಪರದೆ ಮೇಲೆ ನೀರಿನಲ್ಲಿ ಡಾಲರ್ ನೋಟಿನ ಹಿಂದೆ ಈಜುವ ಆ ಮಗು ಬಂತು. ಚಪ್ಪಾಳೆ. ನಾನು ಎದ್ದು ನಿಂತೆ. 1989ರ ಜೂನ್, ಸಬ್ ಪಾಪ್ ಅನ್ನುವ ರೆಕಾರ್ಡ್ ಕಂಪನಿ, ಎಲ್ಲ ಹೇಳಿದೆ. “ಸರ್, ನಮ್ಮ ಆನ್ಸರ್ ಶೀಟಿನಲ್ಲಿ ಇರೋದೇ ಫೈನಲ್” ಅಂದರು. ಅಣ್ಣನ ಮಗಳು ಜರ್ಕಿನ್ ಹಿಡಿದು ಎಳೆಯುತ್ತಿದ್ದಳು. ಹಿಂದಿನಿಂದ ಯಾರೋ “ಬಿಡಿ ಅಂಕಲ್” ಅಂದರು.

ಅಂಕಲ್!

ಸರಿ, ಅಂಕಲ್ಲೇ. ಅಂಕಲ್ ಹೇಳುವುದನ್ನು ಈಗ ಕೇಳಿ. ‘ನೆವರ್‌ಮೈಂಡ್’ ಬಂದದ್ದು 1991ರ ಸೆಪ್ಟೆಂಬರಿನಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ ‘ಬ್ಲೀಚ್’ ಬಂದಿತ್ತು. ಅದರ ರೆಕಾರ್ಡಿಂಗ್ ಖರ್ಚು 606 ಡಾಲರ್ 17 ಸೆಂಟ್. ಆ 17 ಸೆಂಟ್ ನನಗೆ ತುಂಬಾ ಇಷ್ಟ. ನಮ್ಮ ಅಜ್ಜ ತೋಟದ ಆಳಿನ ಲೆಕ್ಕ ಬರೆಯುತ್ತಿದ್ದ ಪುಸ್ತಕದ ಹಾಗಿದೆ. ಆ ದುಡ್ಡು ಕೊಟ್ಟವನು ಜೇಸನ್ ಎವರ್‌ಮನ್ ಅನ್ನುವ ಗಿಟಾರಿಸ್ಟ್. ಕವರಿನ ಮೇಲೆ ಅವನ ಹೆಸರೂ ಇದೆ, ಫೋಟೋವೂ ಇದೆ. ಆದರೆ ಆಲ್ಬಮ್ಮಿನಲ್ಲಿ ಒಂದು ತಂತಿಯನ್ನೂ ಅವನು ಮೀಟಿಲ್ಲ! ಅವನು ಸೇರುವಷ್ಟರಲ್ಲಿ ರೆಕಾರ್ಡಿಂಗ್ ಮುಗಿದಿತ್ತು. ಆಮೇಲೆ ಅವನನ್ನು ಬ್ಯಾಂಡಿನಿಂದ ಕಳಿಸಿದರು. ಸೌಂಡ್‌ಗಾರ್ಡನ್ ಅನ್ನುವ ಇನ್ನೊಂದು ಬ್ಯಾಂಡಿಗೆ ಹೋದ, ಅಲ್ಲೂ ನಿಲ್ಲಲಿಲ್ಲ. ಕೊನೆಗೆ ಏನಾದ ಗೊತ್ತಾ? ಅಮೆರಿಕದ ಸೈನ್ಯ ಸೇರಿದ. ರೇಂಜರ್ ಆದ, ಸ್ಪೆಷಲ್ ಫೋರ್ಸಸ್‌ಗೂ ಹೋದ. ಮನೆಗೊಬ್ಬ ಫೌಜಿ ಇರುವ ನಮ್ಮ ಊರಿನಲ್ಲಿ ಈ ಕಥೆ ಹೇಳಿದರೆ ಎಂಥಾ ಚಪ್ಪಾಳೆ ಬೀಳುತ್ತಿತ್ತು! ಆನ್ಸರ್ ಶೀಟಿನಲ್ಲಿ ಇರಲಿಲ್ಲ, ಏನು ಮಾಡೋಣ.

ಇದೊಂದೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. (ಸುಳ್ಳು. ನುಂಗಿಕೊಳ್ಳುತ್ತಿರಲಿಲ್ಲ.) ಆದರೆ ಇದು ಎಲ್ಲ ಕಡೆ ನಡೆಯುತ್ತದೆ. ದೊಡ್ಡ ಹಿಟ್ ಯಾವುದೋ ಅದೇ ಮೊದಲನೆಯದು ಅಂತ ಜನ ಬರೆದುಕೊಳ್ಳುತ್ತಾರೆ. ನಿಜವಾದ ಮೊದಲನೆಯದು ಹಿತ್ತಲಿಗೆ ಹೋಗುತ್ತದೆ.

ಮೈಕಲ್ ಜಾಕ್ಸನ್ ಮೊದಲ ಆಲ್ಬಮ್ ಯಾವುದು ಅಂತ ಕೇಳಿ. ಸ್ವಲ್ಪ ತಿಳಿದವರು ‘ಆಫ್ ದಿ ವಾಲ್’ ಅನ್ನುತ್ತಾರೆ, 1979. ತಿಳಿಯದವರು ‘ಥ್ರಿಲ್ಲರ್’ ಅನ್ನುತ್ತಾರೆ. ‘ಥ್ರಿಲ್ಲರ್’ ಆರನೆಯದು ಸ್ವಾಮಿ. ಮೊದಲನೆಯದು ‘ಗಾಟ್ ಟು ಬಿ ದೇರ್’, 1972. ಹುಡುಗನಿಗೆ ಆಗ 13 ವರ್ಷ. ಅಲಾನಿಸ್ ಮೊರಿಸೆಟ್ ಅಂದರೆ 1995ರ ‘ಜಾಗ್ಡ್ ಲಿಟ್ಲ್ ಪಿಲ್’ ಅಂತಾರೆ. ಅದಕ್ಕೆ ಮೊದಲು ಕೆನಡಾದಲ್ಲಿ ಎರಡು ಆಲ್ಬಮ್ ಬಂದಿದ್ದವು, ಕುಣಿಯುವ ಹಾಡುಗಳು. ಕೇಟಿ ಪೆರಿ 2001ರಲ್ಲಿ ಕೇಟಿ ಹಡ್ಸನ್ ಅನ್ನುವ ಹೆಸರಿನಲ್ಲಿ ಕ್ರೈಸ್ತ ಭಕ್ತಿಗೀತೆಗಳ ಆಲ್ಬಮ್ ಮಾಡಿದ್ದಳು. ಆಮೇಲಿನ ಹಾಡುಗಳನ್ನು ಕೇಳಿದವರು ಇದನ್ನು ನಂಬುವುದೇ ಇಲ್ಲ, ಆ ಮಾತು ಬೇರೆ.

ಡೇವಿಡ್ ಬೋವಿಯದು ಇನ್ನೂ ಪಾಪ. ಮೊದಲ ಆಲ್ಬಮ್ 1967ರ ಜೂನ್ 1ಕ್ಕೆ ಬಂತು, ಹೆಸರು ‘ಡೇವಿಡ್ ಬೋವಿ’. ಬೀಟಲ್ಸ್‌ನ ‘ಸಾರ್ಜೆಂಟ್ ಪೆಪರ್’ ಆಲ್ಬಮ್ಮಿನ ಅಧಿಕೃತ ತಾರೀಖೂ ಅದೇ. ಯಾರು ಕೇಳುತ್ತಾರೆ ಇವನನ್ನು? 1969ರಲ್ಲಿ ಎರಡನೆಯದು ಬಂತು. ಬ್ರಿಟನ್ನಿನಲ್ಲಿ ಅದರ ಹೆಸರೂ ‘ಡೇವಿಡ್ ಬೋವಿ’! ಮೊದಲನೆಯದು ಲೆಕ್ಕಕ್ಕೇ ಇಲ್ಲ ಅನ್ನುವ ಹಾಗೆ, ಅದೇ ಹೆಸರು ಇನ್ನೊಂದು ಸಲ. ದೊಡ್ಡ ಮಗ ಮನೆಯಲ್ಲಿ ಇರುವಾಗಲೇ ಚಿಕ್ಕವನಿಗೂ ಅದೇ ಹೆಸರು ಇಟ್ಟರೆ ಹೇಗಿರುತ್ತದೆ?

ಭಾವ ಕಾರಿನಲ್ಲಿ ಹೇಳಿದ್ದು: “ಜನಕ್ಕೆ ತಲುಪಿದ್ದೇ ಮೊದಲನೇದು ಅಲ್ವಾ? ಯಾರೂ ಕೇಳದ್ದನ್ನ ಮೊದಲನೇದು ಅಂದ್ರೆ ಯಾರಿಗೆ ಲಾಭ?”

ಈ ಮಾತಿನಲ್ಲಿ ಸ್ವಲ್ಪ ನಿಜ ಇದೆ ಅಂತ ನೀವು ಅಂದುಕೊಳ್ಳಬಹುದು. ಇಲ್ಲ. ಭಾವ ಕಾಫಿ ಬೆಳೆಯುವವನು, ಅವನಿಗೆ ಕಾಫಿಯಲ್ಲೇ ಉತ್ತರ ಕೊಟ್ಟೆ. ಗಿಡ ನೆಟ್ಟು ಮೂರು ನಾಲ್ಕು ವರ್ಷಕ್ಕೆ ಮೊದಲ ಫಸಲು ಬರುತ್ತದೆ. ಎಷ್ಟು ಬರುತ್ತದೆ? ಕುಯ್ಯುವ ಕೂಲಿಯೂ ಹುಟ್ಟುವುದಿಲ್ಲ. ಆದರೂ ನೀನು ಆ ವರ್ಷ ಗಿಡದ ಬುಡದಲ್ಲಿ ನಿಂತು ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಚೀಪುತ್ತೀಯೋ ಇಲ್ಲವೋ? ಆರನೇ ವರ್ಷ ರೆಂಬೆ ಬಗ್ಗಿದಾಗ ಅದನ್ನು ಮೊದಲ ಫಸಲು ಅಂತೀಯಾ? ಭಾವ ಸ್ವಲ್ಪ ಹೊತ್ತು ವೈಪರ್ ನೋಡಿದ. ಆಮೇಲೆ ಕುಕ್ಕರ್ ಚೆನ್ನಾಗಿತ್ತು ಅಂದ.

ನನಗೆ ಮೊದಲ ಆಲ್ಬಮ್ ಮೇಲೆ ಇಷ್ಟೊಂದು ಯಾಕೆ ಅಂತ ಅಣ್ಣನ ಮಗಳೂ ಕೇಳಿದಳು. ಮೊದಲನೆಯದು ಚೆನ್ನಾಗಿರುತ್ತದೆ ಅಂತ ಅಲ್ಲ. ಎಷ್ಟೋ ಸಲ ಚೆನ್ನಾಗಿರುವುದಿಲ್ಲ. ಬೋವಿಯದನ್ನು ನಾನೇ ಪೂರ್ತಿ ಒಂದು ಸಲ ಕೇಳಿದ್ದು, ಅದೂ ಹಟಕ್ಕೆ. ಆದರೆ ಮೊದಲನೆಯದರಲ್ಲಿ ಕೈಯಲ್ಲಿ ಕಾಸು ಇರುವುದಿಲ್ಲ, ಹೊತ್ತು ಇರುವುದಿಲ್ಲ, ಎರಡನೇ ಚಾನ್ಸ್ ಸಿಗುತ್ತದೆ ಅನ್ನುವ ಧೈರ್ಯ ಇರುವುದಿಲ್ಲ. ಅದು ಕೇಳಿಸುತ್ತದೆ.

ಬೀಟಲ್ಸ್ ನೋಡಿ. ‘ಪ್ಲೀಸ್ ಪ್ಲೀಸ್ ಮಿ’, ಹದಿನಾಲ್ಕು ಹಾಡು. ನಾಲ್ಕು ಮೊದಲೇ ಬಂದಿದ್ದವು. ಉಳಿದ ಹತ್ತನ್ನು ಒಂದೇ ದಿನ ರೆಕಾರ್ಡ್ ಮಾಡಿದರು, 1963ರ ಫೆಬ್ರವರಿ 11. ಬೆಳಿಗ್ಗೆ ಶುರು, ರಾತ್ರಿ ಹನ್ನೊಂದರೊಳಗೆ ಮುಗಿತು. ಜಾನ್ ಲೆನನ್‌ಗೆ ಅವತ್ತು ಕೆಟ್ಟ ಶೀತ. ಗಂಟಲಿನ ಮಿಠಾಯಿ ಚೀಪಿ, ಹಾಲು ಕುಡಿದು ಹಾಡಿದ. ‘ಟ್ವಿಸ್ಟ್ ಅಂಡ್ ಶೌಟ್’ ಕೂಗಿ ಹಾಡಬೇಕಾದ್ದು. ಮೊದಲೇ ಹಾಡಿದರೆ ಗಂಟಲು ಹೋಗುತ್ತದೆ ಅಂತ ಕೊನೆಗೆ ಇಟ್ಟುಕೊಂಡರು. ಆಲ್ಬಮ್ಮಿನಲ್ಲಿ ಇರುವುದು ಮೊದಲ ಟೇಕ್. ಎರಡನೆಯದಕ್ಕೆ ಗಂಟಲೇ ಉಳಿದಿರಲಿಲ್ಲ. ಆ ಹಾಡನ್ನು ಹಾಕಿ ಕೇಳಿ, ಒಬ್ಬ ಮನುಷ್ಯನ ಗಂಟಲು ಹರಿಯುವುದು ಕೇಳಿಸುತ್ತದೆ. ಮುಂದೆ ತಿಂಗಳುಗಟ್ಟಲೆ ಸ್ಟುಡಿಯೋದಲ್ಲಿ ಕೂತು ಮಾಡಿದ ಆಲ್ಬಮ್ಮುಗಳು ಇದಕ್ಕಿಂತ ದೊಡ್ಡವು, ಒಪ್ಪುತ್ತೇನೆ. ಆ ಗಂಟಲು ಮಾತ್ರ ಮತ್ತೆ ಸಿಗಲಿಲ್ಲ.

ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಮೊದಲ ಆಲ್ಬಮ್ ಕೂಡ ಹಾಗೇ. ಹಾಡಿದ್ದು ಬಾರಿಸಿದ್ದು ಎಲ್ಲ ಒಂದು ದಿನದ ಕೆಲಸ, 1969ರ ಅಕ್ಟೋಬರ್. ಬಿಡುಗಡೆ 1970ರ ಫೆಬ್ರವರಿ 13, ಶುಕ್ರವಾರ. ಗಿಟಾರ್ ನುಡಿಸುವ ಟೋನಿ ಐಯೋಮಿ ಮೊದಲು ಲೋಹದ ತಗಡಿನ ಕಾರ್ಖಾನೆಯಲ್ಲಿದ್ದ. ಕೆಲಸ ಬಿಡುವ ದಿನ, ಕೊನೆಯ ದಿನವೇ, ಮಿಷನ್ನಿಗೆ ಸಿಕ್ಕಿ ಎರಡು ಬೆರಳಿನ ತುದಿ ಹೋಯಿತು. ಎಡಗೈಯವನು, ಅಂದರೆ ತಂತಿ ಒತ್ತಬೇಕಾದ ಬಲಗೈಯ ಬೆರಳುಗಳೇ. ಅವನು ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ. ಅದರ ಮೇಲೆ ಲೆದರ್ ತುಂಡು ಅಂಟಿಸಿದ. ನುಡಿಸಿದ.

ಈ ಆಲ್ಬಮ್ ನಾನು ಮೊದಲು ಕೇಳಿದ್ದು ಪಿಯುಸಿಯಲ್ಲಿ. ಮೈಸೂರಿನ ಹಾಸ್ಟೆಲಿನ ಒಬ್ಬನಿಂದ ಕಾಪಿ ಮಾಡಿಸಿಕೊಂಡ ಕ್ಯಾಸೆಟ್. ಕಕ್ಕಡ, ಅಂದರೆ ನಮ್ಮ ಕಡೆಯ ಜಡಿಮಳೆಯ ತಿಂಗಳು, ರಜೆ, ನಾಪೋಕ್ಲು ಮನೆಯ ಅಟ್ಟ. ಪ್ಲೇ ಒತ್ತಿದೆ. ಮಳೆಯ ಸದ್ದು, ಗುಡುಗು, ದೂರದಲ್ಲಿ ಒಂದು ಗಂಟೆ. ಆಲ್ಬಮ್ ಶುರುವಾಗುವುದೇ ಹಾಗೆ. ನನಗೆ ಗೊತ್ತಿರಲಿಲ್ಲ. ಹೆಂಚಿನ ಮೇಲೂ ಮಳೆ, ಟೇಪಿನಲ್ಲೂ ಮಳೆ. ಕ್ಯಾಸೆಟ್ ಖಾಲಿ ಇದೆ, ಹೊರಗಿನ ಮಳೆಯೇ ಕೇಳಿಸುತ್ತಿದೆ ಅಂತ ಅವನನ್ನು ಬೈದುಕೊಂಡೆ. ಸ್ಟಾಪ್ ಒತ್ತೋಣ ಅನ್ನುವಷ್ಟರಲ್ಲಿ ಆ ಗಿಟಾರ್ ಬಂತು. ಕೆಳಗಿನಿಂದ ಅವ್ವ “ಮರ ಬಿತ್ತಾ?” ಅಂತ ಕೂಗಿದರು.

ಆನ್ಸರ್ ಶೀಟ್ ಇಟ್ಟುಕೊಂಡು ಕ್ವಿಜ್ ಮಾಡುವವರಿಗೆ ಇದನ್ನೆಲ್ಲ ಹೇಳಿ ಏನು ಪ್ರಯೋಜನ. 17 ಪರ್ಸೆಂಟ್ ಇದೆ.

ವಾಷ್ಟಿ ಬನ್ಯನ್ ಅನ್ನುವ ಹೆಂಗಸಿನ ಬಗ್ಗೆ ಹೇಳಲೇಬೇಕು. ಕುದುರೆ ಗಾಡಿಯಲ್ಲಿ ಸ್ಕಾಟ್ಲೆಂಡಿನ ಕಡೆ ಹೊರಟು, ದಾರಿಯಲ್ಲಿ ಹಾಡು ಕಟ್ಟಿದಳು. 1970ರಲ್ಲಿ ಮೊದಲ ಆಲ್ಬಮ್ ಬಂತು. ಯಾರೂ ಕೊಳ್ಳಲಿಲ್ಲ. ಹಾಡುವುದನ್ನೇ ಬಿಟ್ಟು ಮಕ್ಕಳನ್ನು ಸಾಕಿದಳು. 2000ದಲ್ಲಿ ಅದೇ ಆಲ್ಬಮ್ ಮತ್ತೆ ಹೊರಬಂತು, ಮೊಮ್ಮಕ್ಕಳ ವಯಸ್ಸಿನವರು ಹುಚ್ಚು ಹಿಡಿದು ಕೇಳಿದರು. ಎರಡನೇ ಆಲ್ಬಮ್ 2005ರಲ್ಲಿ. ಮೂವತ್ತೈದು ವರ್ಷದ ಮೇಲೆ! ಭಾವನ ಲೆಕ್ಕದಲ್ಲಿ ಇವಳ ಮೊದಲ ಆಲ್ಬಮ್ ಯಾವುದು? “ಜನಕ್ಕೆ ತಲುಪಿದ್ದು” ಅಂದರೆ ಯಾವ ವರ್ಷದ್ದು? ಹೇಳಲಿ ನೋಡೋಣ.

ಇನ್ನೊಂದು ಸಿಟ್ಟು, ಸಣ್ಣದು. ಇಡೀ ಕ್ವಿಜ್‌ನಲ್ಲಿ ಕನ್ನಡದ ಪ್ರಶ್ನೆ ಒಂದೂ ಇಲ್ಲ. ನಿಸಾರ್ ಅಹಮದ್ ಅವರ ಪದ್ಯ, ಮೈಸೂರು ಅನಂತಸ್ವಾಮಿ ಅವರ ಸಂಗೀತ, 1978ರ ‘ನಿತ್ಯೋತ್ಸವ’. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಅಂತ ಅದಕ್ಕೆ ಹೆಸರು. ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ 2008ರದ್ದು, ಶಿಶುನಾಳ ಶರೀಫರ ಗುಡುಗುಡಿ ಇರುವುದು ಅದರಲ್ಲೇ. ಸಭೆಯಲ್ಲಿ ಇದ್ದವರಲ್ಲಿ ಮುಕ್ಕಾಲು ಜನಕ್ಕೆ ಇವು ಬಾಯಿಪಾಠ. ಕೇಳಲಿಲ್ಲ.

ಬಿದ್ದು ಅಪ್ಪಯ್ಯ ಅವರ ಹೆಸರು ಮಾತ್ರ ಬಂತು. ಬರದೆ ಇರುತ್ತದೆಯೇ? ಕೊಡವರು, ಬೆಂಗಳೂರಿನಲ್ಲಿ ಹುಟ್ಟಿದವರು, ಅಲ್ಲಿ ಟ್ರೋಜನ್ಸ್ ಅನ್ನುವ ಬ್ಯಾಂಡ್ ಕಟ್ಟಿ, ಅರವತ್ತರ ದಶಕದಲ್ಲಿ ಲಂಡನ್‌ಗೆ ಹೋದವರು. 1974ರಲ್ಲಿ ‘ಕುಂಗ್ ಫು ಫೈಟಿಂಗ್’ ಹಾಡು ಮಾಡಿ ಜಗತ್ತನ್ನೇ ಕುಣಿಸಿದರು. ಸ್ಟುಡಿಯೋ ಟೈಮ್ ಸ್ವಲ್ಪ ಉಳಿದಿತ್ತು ಅಂತ ಹತ್ತು ನಿಮಿಷದಲ್ಲಿ ಮುಗಿಸಿದ ಹಾಡು ಅದು. ಪ್ರಶ್ನೆ ಬಂದದ್ದು ಪಾಕಿಸ್ತಾನದ ಗಾಯಕಿ ನಾಜಿಯಾ ಹಸನ್ ಮೇಲೆ. 1981ರ ‘ಡಿಸ್ಕೋ ದೀವಾನೆ’, ಅಣ್ಣ ತಮ್ಮಂದಿರ ಆಲ್ಬಮ್ ಅನ್ನುವ ಹಾಗೆ ಅಕ್ಕ ತಮ್ಮನ ಆಲ್ಬಮ್. ನಾಜಿಯಾ ಇನ್ನೂ ಹದಿಹರೆಯದ ಹುಡುಗಿ, ಜೊತೆಗೆ ತಮ್ಮ ಜೋಹೆಬ್. ಮಾಡಿಸಿದವರು ಬಿದ್ದು. ಆ ಹೆಸರು ಕೇಳಿದ್ದೇ ಸಭೆ ಎದ್ದು ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಸುಮ್ನೆ ಯಾಕೆ ಸುಳ್ಳು ಹೇಳಲಿ, ಗಂಟಲು ಸ್ವಲ್ಪ ಕಟ್ಟಿತು.

ಈಗ ಒಂದು ವಿಷಯ. ಬರೆಯಲೋ ಬೇಡವೋ ಅಂತ ಮೇಲಿನಿಂದ ಇಲ್ಲಿವರೆಗೆ ಯೋಚನೆ ಮಾಡುತ್ತಾ ಬಂದೆ.

ನಿರ್ವಾಣದ ಪ್ರಶ್ನೆಗೆ ಮೊದಲು, ಮೂರನೇ ರೌಂಡಿನಲ್ಲಿ, ನಮ್ಮ ಟೇಬಲಿಗೆ ಇನ್ನೊಂದು ಪ್ರಶ್ನೆ ಬಂದಿತ್ತು. ಅಲೀಶಾ ಚಿನಾಯ್ ಅವರ ಮೊದಲ ಆಲ್ಬಮ್ ಯಾವುದು? ನಾನು ಬಾಯಿ ತೆರೆಯುವ ಮೊದಲೇ ಭಾವ ಕುರ್ಚಿಯಿಂದ ಅರ್ಧ ಎದ್ದು “ಮೇಡ್ ಇನ್ ಇಂಡಿಯಾ!” ಅಂದ. “ಕರೆಕ್ಟ್!” ಅಂದರು. ಜೋರು ಚಪ್ಪಾಳೆ. ಭಾವ ನನ್ನ ಕಡೆ ತಿರುಗಿ ನಗುತ್ತಿದ್ದ ನೋಡಿ, ಅವನ ಮದುವೆ ದಿನವೂ ಅಷ್ಟು ನಕ್ಕಿರಲಿಲ್ಲ.

‘ಮೇಡ್ ಇನ್ ಇಂಡಿಯಾ’ 1995ರದ್ದು. ಅದೂ ಬಿದ್ದು ಅವರದೇ ಸಂಗೀತ. ಅಲೀಶಾ ಅವರ ಮೊದಲ ಆಲ್ಬಮ್ ‘ಜಾದೂ’, 1985. ಹತ್ತು ವರ್ಷ ಮೊದಲು. ನನಗೆ ಗೊತ್ತಿತ್ತು. ಆ ಕ್ಯಾಸೆಟ್ ಬಲ್ಬಿನ ಎಡಕ್ಕೆ, ಎರಡನೇ ಸಾಲಿನಲ್ಲಿ ಇದೆ. ಅವಾಗ ನಾನು ಎದ್ದು ನಿಲ್ಲಲಿಲ್ಲ. ನೀರು ಕುಡಿದೆ.

ಅಣ್ಣನ ಮಗಳಿಗೂ ಗೊತ್ತಿತ್ತಂತೆ. ಕಾರಿನಲ್ಲಿ, ಭಾವನನ್ನು ಅವನ ಗೇಟಿನಲ್ಲಿ ಇಳಿಸಿದ ಮೇಲೆ ಹೇಳಿದಳು. ಆಮೇಲೆ ಲೆಕ್ಕವನ್ನೂ ಹೇಳಿದಳು. ಪ್ರಶ್ನೆಗೆ ಒಂದು ಪಾಯಿಂಟ್. ಆ ಹುಡುಗರಿಗೆ 14, ನಮಗೆ 13. ‘ಬ್ಲೀಚ್’ ಸರಿ ಅಂತ ಒಪ್ಪಿದ್ದರೆ ನಮಗೆ 14, ಪಾಸ್ ಆದ ಪ್ರಶ್ನೆ ಅವರಿಗೆ ಸಿಗುತ್ತಿರಲಿಲ್ಲ, ಅವರಿಗೆ 13. “ಆದ್ರೆ ಜಾದೂ ಪಾಯಿಂಟ್ ವಾಪಸ್ ಕೊಡ್ಬೇಕಲ್ಲ ಚಿಕ್ಕಪ್ಪ?” ಕೊಟ್ಟರೆ ನಮಗೂ 13.

ಟೈ. ಅಂದರೆ ಇನ್ನೊಂದು ಪ್ರಶ್ನೆ. ಅದೂ ಅದೇ ಆನ್ಸರ್ ಶೀಟಿನಿಂದ.

9 ಪರ್ಸೆಂಟ್. ಕೊಡೆ ಚೆನ್ನಾಗಿದೆ, ಗಾಳಿಗೆ ಒಂದು ಕಡ್ಡಿ ಆಗಲೇ ಬಗ್ಗಿದೆ. ಭಾವ ಇದನ್ನು ಓದಿದರೆ ದಯವಿಟ್ಟು ಕೊನೆಯವರೆಗೆ ಓದಬೇಡ.