ಪಟ್ಟಿ ಐತಿ, ರೊಕ್ಕ ಇಲ್ಲ

ಬೆಳೆ ಪರಿಹಾರದ ರೊಕ್ಕ ಯಾಕೆ ಬಂದಿಲ್ಲ ಅಂತ ಕೇಳಿದರೆ, ಇವತ್ತೂ ಸಿಂಧನೂರಿನ ಸರ್ಕಾರಿ ಕೌಂಟರಿನಲ್ಲಿ ಅದೇ ಮಾತು: "ಆಧಾರ್ ಸೀಡಿಂಗ್ ಆಗಿಲ್ರಿ, ಬ್ಯಾಂಕಿಗೆ ಹೋಗ್ರಿ." ಬ್ಯಾಂಕಿನವರು? "ಲಿಂಕ್ ಐತಲ್ರಿ!" ಸಾಕಪ್ಪಾ ಸಾಕು. ಖಾತೆಗೆ ಆಧಾರ್ ಜೋಡಿಸೋದೇ ಬೇರೆ, ಎನ್‌ಪಿಸಿಐ ಮ್ಯಾಪಿಂಗೇ (ಸರ್ಕಾರದ ರೊಕ್ಕ ಯಾವ ಖಾತೆಗೆ ಬೀಳಬೇಕು ಅಂತ ರಾಷ್ಟ್ರೀಯ ಪಾವತಿ ನಿಗಮದಲ್ಲಿ ದಾಖಲಿಸೋದು) ಬೇರೆ ಅಂತ ಒಬ್ಬರಾದರೂ ಬಾಯಿಬಿಟ್ಟು ಹೇಳಬಾರದೇ?

ಪಹಣಿಯಲ್ಲಿ 'ಬಸವರಾಜ', ಆಧಾರ್‌ನಲ್ಲಿ 'ಬಸವರಾಜಪ್ಪ'. ಮುಗೀತು ಕಥೆ. ಎಫ್‌ಐಡಿಗೆ (ರೈತರ ಗುರುತಿನ ಸಂಖ್ಯೆಗೆ) ಒಂದು ಸರ್ವೆ ನಂಬರ್ ಸೇರಿಲ್ಲವೇ? ಆ ಹೊಲದ ಭತ್ತ ನೆಲಕಚ್ಚಿಯೇ ಇಲ್ಲ ಅಂತ ಲೆಕ್ಕ! ಪರಿಹಾರವೋ, ಎಷ್ಟೇ ಎಕರೆ ಮುಳುಗಲಿ, 2 ಹೆಕ್ಟೇರಿಗಷ್ಟೇ.

ರೈತರ ಖಾತೆಗೆ ಕೇಂದ್ರ ಸರ್ಕಾರ ಕಂತಿನಲ್ಲಿ ರೊಕ್ಕ ಹಾಕೋ ಪಿಎಂ ಕಿಸಾನ್ ಯೋಜನೆಯ ಪಟ್ಟಿ ಮಾತ್ರ ಭಾರೀ ಪಾರದರ್ಶಕ. ವೆಬ್‌ಸೈಟಿನಲ್ಲಿ ಜಿಲ್ಲೆ, ತಾಲೂಕು, ಊರು ಒತ್ತಿದರೆ ಹೆಸರುಗಳ ಸಾಲು. ಯಾರಿಗೆ ಬರುತ್ತೆ ಅಂತ ಊರಿಗೇ ಗೊತ್ತು. ಉಳಿದವರಿಗೆ ಯಾಕೆ ಬರಲಿಲ್ಲ ಅನ್ನೋದು ಆ ಪಟ್ಟಿಯಲ್ಲಿ ಎಲ್ಲೈತ್ರಿ? ಕಂತು 2,000 ರೂಪಾಯಿ. ಜೆರಾಕ್ಸು, ಬಸ್ಸು, ಹೋದ ದಿನದ ಕೂಲಿ ಕಳೆದು ನೋಡ್ರಿ.